ಹೆಬ್ಬಂಡೆಗಳು ಸರಿದ ಬಗೆ

ಸಂಕ್ರಮಣದ ಕಾಲಕ್ಕೆ ತಿಕೋಟಾ, ಬಬಲೇಶ್ವರಗಳ ಕಡೆಯಿಂದ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ಬರುವ ಕುಟುಂಬಗಳು ದೇವರ ದರ್ಶನವಾದ ಬಳಿಕ ಗೋಳಗುಮ್ಮಟವನ್ನೂ ಬಾರಾಕಮಾನನ್ನೂ ನೋಡಿಕೊಂಡು ಊರಿಗೆ ಮರಳುವುದು ಹಿಂದಿನಿಂದ ಬಂದ ವಾಡಿಕೆ. ಆಗ ಮಕ್ಕಳ ಬಾಯಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: ಯಂತ್ರಗಳಿಲ್ಲದ ಕಾಲದಲ್ಲಿ ಇಷ್ಟೊಂದು ಕಲ್ಲನ್ನು ಹೇಗೆ ಕಡಿದರು, ಹೇಗೆ ತಂದರು, ಹೇಗೆ ಏರಿಸಿದರು? ರಾಕ್ಷಸರು ಒಂದೇ ರಾತ್ರಿಯಲ್ಲಿ ಕಟ್ಟಿದರೆಂದು ಹೇಳಿ ಕೆಲ ಹಿರಿಯರು ಮಾತು ಮುಗಿಸುವುದುಂಟು. ಈ ಉತ್ತರದಿಂದ ಮಗುವಿನ ಕುತೂಹಲ ತಣಿದೀತು. ಆದರೆ ಬಿಸಿಲಿನಲ್ಲಿ ಬೆವರು ಸುರಿಸಿದ ಸಾವಿರಾರು ಶ್ರಮಜೀವಿಗಳಿಗೆ ಅನ್ಯಾಯವಾಗುತ್ತದೆ. ಕಾಯಕಕ್ಕೆ ಮಾನವಿತ್ತ ಪರಂಪರೆಯಲ್ಲಿ ಹುಟ್ಟಿದ ನಮಗೆ ಅದು ಸಲ್ಲದು.

ಕಲ್ಲಿನ ಗುಣವರಿಯುವುದು

ಕಲ್ಲು ಕಡಿಯುವ ವಿದ್ಯೆಯ ಮೊದಲ ಪಾಠವೇ ಕಲ್ಲಿನ ಗುಣವನ್ನರಿಯುವುದು. ನಮ್ಮ ಹೊಲಗಳಲ್ಲಿ ಬಾವಿ ತೋಡಿದವರು ಬಲ್ಲರು: ಮೇಲೆ ಎರೆಮಣ್ಣು, ಅದರ ಕೆಳಗೆ ಗರಸು, ಅದರಡಿಯಲ್ಲಿ ಕರಿಕಲ್ಲು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸವು ತಣಿದು ಈ ಕಲ್ಲಾಯಿತು. ತಣಿಯುವಾಗ ಅದು ಕುಗ್ಗಿದುದರಿಂದ ಅಲ್ಲಲ್ಲಿ ಸೀಳುಗಳು ಸಹಜವಾಗಿಯೇ ಉಂಟಾದವು. ಬಲ್ಲವನು ಆ ಸೀಳನ್ನು ಹುಡುಕಿ, ಹಾರೆಯಿಟ್ಟು ಮೀಟುತ್ತಾನೆ, ಬಂಡೆ ಬಿಟ್ಟುಕೊಡುತ್ತದೆ. ಅರಿಯದವನು ದಿನವಿಡೀ ಸುತ್ತಿಗೆ ಬೀಸಿ ದಣಿಯುತ್ತಾನೆ.

ಬಾದಾಮಿ, ಪಟ್ಟದಕಲ್ಲುಗಳ ಕಡೆಗೆ ಹೋದರೆ ಕಲ್ಲೂ ಬೇರೆ, ರೀತಿಯೂ ಬೇರೆ. ಅಲ್ಲಿಯದು ಪದರುಪದರಾದ ಮರಳುಗಲ್ಲು. ಪದರಿನ ಗುಂಟ ಎಬ್ಬಿಸಿದರೆ ಚಪ್ಪಡಿಗಳು ದೊರೆಯುತ್ತವೆ. ಪಟ್ಟದಕಲ್ಲಿನ ಉತ್ತರಕ್ಕೆ ಕೆಲವೇ ಕಿಲೋಮೀಟರುಗಳ ದೂರದಲ್ಲಿ ಚಾಲುಕ್ಯರ ಕಾಲದ ಕಲ್ಲುಗಣಿಯಿದ್ದು, ಅಲ್ಲಿಯ ಬಂಡೆಗಳ ಮೇಲೆ ಕುಶಲಕರ್ಮಿಗಳ ಹೆಸರುಗಳೂ ಕೊರೆದಿವೆ. ಹಂಪೆಯ ಗಟ್ಟಿಯಾದ ಕಣಶಿಲೆಗೆ ಮತ್ತೊಂದು ಉಪಾಯ. ಉಳಿಯಿಂದ ಸಾಲಾಗಿ ಗುಂಡಿಗಳನ್ನು ಕೊರೆದು, ಅವುಗಳಲ್ಲಿ ಬೆಣೆಗಳನ್ನಿಟ್ಟು, ಒಂದಾದ ಮೇಲೊಂದರಂತೆ ಬಡಿಯುತ್ತ ಹೋದರೆ ಬಂಡೆಯು ಆ ಸಾಲಿನಲ್ಲಿಯೇ ಬಿರಿಯುತ್ತದೆ. ಅರ್ಧಕ್ಕೆ ನಿಂತ ಅಂತಹ ಗುಂಡಿಸಾಲುಗಳನ್ನು ಹಂಪೆಯ ಬಂಡೆಗಳ ಮೇಲೆ ಇಂದಿಗೂ ಕಾಣಬಹುದು.

ಎಳೆಯುವ ಉಪಾಯ

ಒಂದು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಕರಿಕಲ್ಲು ಹೆಚ್ಚು ಕಡಿಮೆ 3 ಟನ್, ಅಂದರೆ 30 ಕ್ವಿಂಟಲ್ ತೂಗುತ್ತದೆ. ಇಂತಹ ಭಾರವನ್ನು ಹೊರುವುದು ಅಸಾಧ್ಯ, ಎಳೆಯುವುದು ಸಾಧ್ಯ. ಈಜಿಪ್ಟ್ ದೇಶದಲ್ಲಿ ಸುಮಾರು 3,900 ವರ್ಷಗಳಷ್ಟು ಹಳೆಯದಾದ ಜೆಹುತಿಹೋತೆಪ್ ಎಂಬ ಅಧಿಕಾರಿಯ ಸಮಾಧಿಯಲ್ಲಿ ಒಂದು ಚಿತ್ರವಿದೆ. 172 ಜನರು ಸಾಲುಗಟ್ಟಿ ಹಗ್ಗ ಹಿಡಿದು, ಮರದ ಜಾರುಬಂಡಿಯ ಮೇಲಿಟ್ಟ ಮಹಾಪ್ರತಿಮೆಯನ್ನು ಎಳೆಯುತ್ತಿದ್ದಾರೆ. ಬಂಡಿಯ ಮುಂಭಾಗದಲ್ಲಿ ನಿಂತ ಒಬ್ಬನು ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ಇದೊಂದು ಶಾಸ್ತ್ರಾಚಾರವಿರಬೇಕೆಂದು ಕೆಲವರು ಬಗೆದಿದ್ದರು. ಮರಳನ್ನು ಹದವಾಗಿ ನೆನೆಸಿದರೆ ಎಳೆಯುವ ಶ್ರಮ ಅರ್ಧದಷ್ಟು ತಗ್ಗುವುದೆಂದು 2014ರಲ್ಲಿ ಆಮ್ಸ್ಟರ್‌ಡ್ಯಾಮಿನ ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದರು.

ಇದಕ್ಕೆ ಸರಿದೊರೆಯಾದ ನಿದರ್ಶನ ವಿಜಯಪುರದಲ್ಲಿಯೇ ಇದೆ. ಅದು ಕಲ್ಲಲ್ಲ, ಲೋಹ. ಆದರೆ ಭಾರದ ಲೆಕ್ಕ ಒಂದೇ. ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದರು. ಅದರ ತೂಕ ಸುಮಾರು 55 ಟನ್. 1632ರಲ್ಲಿ ಪರಾಂಡಾ ಕೋಟೆಯಿಂದ ಅದನ್ನು ಇಲ್ಲಿಗೆ ತಂದಾಗ 10 ಆನೆಗಳು, 400 ಎತ್ತುಗಳು ಹಾಗೂ ನೂರಾರು ಜನರು ಎಳೆದರೆಂದು ಪ್ರತೀತಿ. ನಮ್ಮೂರ ತೇರನ್ನು ನೆನೆದರೆ ಈ ಮರ್ಮ ತಿಳಿಯುತ್ತದೆ. ಮಿಣಿ ಹಿಡಿದವರು ಒಂದೇ ಉಸಿರಿಗೆ ಜಗ್ಗಬೇಕು. ಗಾಲಿಗೆ ಸನ್ನೆ ಕೊಡುವವನು ಸಮಯವರಿತು ಕೊಡಬೇಕು. ಒಬ್ಬೊಬ್ಬರೇ ಜಗ್ಗಿದರೆ ತೇರು ಕದಲದು.

ಭಾರವನ್ನು ಹಂಚುವ ಜಾಣ್ಮೆ

ಏರಿಸುವುದಕ್ಕೆ ಮಣ್ಣಿನ ಇಳಿಜಾರು, ಅಟ್ಟಣಿಗೆ, ಹಗ್ಗ, ಸನ್ನೆಗೋಲುಗಳು ಇದ್ದವು. ಅವುಗಳಿಗಿಂತ ಮಿಗಿಲಾದ ಉಪಾಯವೆಂದರೆ ಭಾರವನ್ನೇ ಹಂಚಿಬಿಡುವುದು. 1656ರಲ್ಲಿ ಗತಿಸಿದ ಮಹಮ್ಮದ್ ಆದಿಲಶಾಹನ ಗೋಳಗುಮ್ಮಟದ ಗುಮ್ಮಟವು ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸವುಳ್ಳದ್ದು. ಅಷ್ಟಾದರೂ ಅದರಲ್ಲಿ ಹೆಬ್ಬಂಡೆಗಳಿಲ್ಲ. ಕೈಯಲ್ಲಿ ಹಿಡಿಯಬಹುದಾದ ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದಲೇ ಅದು ನಿಂತಿದೆ. ಎರಡನೆಯ ಅಲಿ ಆದಿಲಶಾಹನು 1672ರಲ್ಲಿ ತೀರಿಕೊಂಡುದರಿಂದ ಬಾರಾಕಮಾನು ಅಪೂರ್ಣವಾಗಿಯೇ ಉಳಿಯಿತು. ಅಪೂರ್ಣವಾಗಿರುವುದರಿಂದಲೇ ಅದು ನಮಗೆ ಪಾಠಶಾಲೆಯಂತಿದೆ. ಕಮಾನಿನ ಪ್ರತಿಯೊಂದು ಕಲ್ಲೂ ನೆರೆಯ ಕಲ್ಲಿಗೆ ಒರಗಿ, ತನ್ನ ಭಾರವನ್ನು ಅದಕ್ಕೆ ದಾಟಿಸಿ, ಅದರ ಭಾರಕ್ಕೆ ತಾನೂ ಹೆಗಲು ಕೊಟ್ಟು ನಿಂತಿರುವುದನ್ನು ಮಕ್ಕಳಿಗೂ ತೋರಿಸಬಹುದು.

ನೆನೆಯಬೇಕಾದವರು

ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡನೆಂಬ ಸೂತ್ರಧಾರಿಗೆ ಅನಿವಾರಿತಾಚಾರಿಯೆಂಬ ಬಿರುದು ಸಂದುದು ಅಲ್ಲಿಯ ಶಾಸನದಿಂದ ತಿಳಿಯುತ್ತದೆ. ಆದರೆ ಹಗ್ಗ ಜಗ್ಗಿದವರ, ಬೆಣೆ ಬಡಿದವರ, ಬುಟ್ಟಿ ಹೊತ್ತ ತಾಯಂದಿರ ಹೆಸರುಗಳನ್ನು ಹೇಳುವ ಶಾಸನಗಳು ವಿರಳ. 12ನೆಯ ಶತಮಾನದಲ್ಲಿ ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮೇಶ್ವರರನ್ನು ಭೋವಿ ಸಮಾಜದ ಕಲ್ಲುಕುಟಿಗರು ಇಂದಿಗೂ ಗುರುವೆಂದು ಭಜಿಸುತ್ತಾರೆ. ಕಲ್ಲು ಮಣ್ಣಿನ ಕೆಲಸವನ್ನು ಶರಣರು ಕೀಳೆಂದು ಎಣಿಸಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಇಂದು ಕಲ್ಲು ಪುಡಿಮಾಡುವ ಯಂತ್ರಕ್ಕೆ ಸೀಳಿನ ಗುರುತು ಬೇಕಾಗಿಲ್ಲ. ಕಲ್ಲನ್ನು ತಟ್ಟಿ, ನಾದ ಕೇಳಿ, ಅದರ ಗುಣ ಹೇಳಬಲ್ಲ ಹಿರಿಯರು ಊರೂರಿನಲ್ಲಿ ಕಡಿಮೆಯಾಗುತ್ತಿದ್ದಾರೆ. ಅವರೊಡನೆ ಆ ಅರಿವೂ ಮರೆಯಾದರೆ, ಮತ್ತೆ ರಾಕ್ಷಸರ ಕಥೆಯೊಂದೇ ನಮಗೆ ಉಳಿದೀತು. ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ. ನಿಮ್ಮೂರಿನ ಹಿರಿಯ ಕಲ್ಲುಕುಟಿಗರ ಬಳಿಗೆ ಮಕ್ಕಳನ್ನು ಕರೆದೊಯ್ದು ಅವರ ಅನುಭವದ ಮಾತು ಕೇಳಿಸಿರಿ. ಹಳೆಯ ಕಟ್ಟಡದ ಕಲ್ಲನ್ನು ಮನೆಯ ಮೆಟ್ಟಿಲಿಗೆ ತರದಿರಿ, ಸ್ಮಾರಕಗಳ ಗೋಡೆಯ ಮೇಲೆ ಹೆಸರು ಕೆತ್ತಲು ಬಿಡದಿರಿ. ತಮ್ಮ ಹೆಸರನ್ನು ಬರೆಯದೆ ಹೋದವರ ಕಾಯಕದ ಮೇಲೆ ನಮ್ಮ ಹೆಸರು ಬರೆಯುವ ಅಧಿಕಾರ ನಮಗೆಲ್ಲಿಯದು?