ಹಳೆಯ ಜೀಪಿನ ಟ್ರಾನ್ಸ್‌ಫರ್ ಕೇಸಿನ ಬಾಳಿಕೆಯನ್ನು ಪರೀಕ್ಷಿಸುವ ಕ್ರಮ

ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಗೊಬ್ಬರ, ಅಡಕೆ, ಕಾಫಿ ಮೂಟೆಗಳನ್ನು ಸಾಗಿಸಲು ನಾಲ್ಕು ಚಕ್ರಗಳಿಗೂ ಬಲ ಕೊಡುವ ಹಳೆಯ ಜೀಪುಗಳು ಈಗಲೂ ಬಳಕೆಯಲ್ಲಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಇಂತಹ ವಾಹನವನ್ನು ಕೊಳ್ಳುವವರು ಸಾಮಾನ್ಯವಾಗಿ ಇಂಜಿನನ್ನೂ ಬಣ್ಣವನ್ನೂ ನೋಡಿ ಹಣ ಕೊಡುವರು. ಆದರೆ ಕೆಸರಿನಲ್ಲಿಯೂ ಇಳಿಜಾರಿನಲ್ಲಿಯೂ ಅದರ ಯೋಗ್ಯತೆಯು ಗೇರ್ ಪೆಟ್ಟಿಗೆಯ ಹಿಂದಿರುವ ಟ್ರಾನ್ಸ್‌ಫರ್ ಕೇಸನ್ನು ಅವಲಂಬಿಸಿರುವುದು. ಇಂಜಿನಿನ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚತಕ್ಕದ್ದು ಇದೇ.

೧೯೪೧ರಿಂದ ತಯಾರಾದ ವಿಲ್ಲಿಸ್ ಸೈನಿಕ ಜೀಪುಗಳಲ್ಲಿಯೂ, ಮಹೀಂದ್ರ ಕಂಪೆನಿಯವರು ೧೯೪೭ರಲ್ಲಿ ಮುಂಬಯಿಯಲ್ಲಿ ಜೋಡಿಸಲಾರಂಭಿಸಿ ಮುಂದೆ ತಾವೇ ತಯಾರಿಸಿದ ಹಲವು ಹಳೆಯ ಜೀಪುಗಳಲ್ಲಿಯೂ ಸ್ಪೈಸರ್ ೧೮ ಎಂಬ ಮಾದರಿಯ ಕೇಸು ಇರುವುದು. ಇದರ ಹೊರಕವಚವು ಎರಕದ ಕಬ್ಬಿಣದ್ದು. ಒಳಗೆ ಸರಪಳಿಯಿಲ್ಲ, ಹಲ್ಲುಚಕ್ರಗಳೇ ಇವೆ. ಆದಕಾರಣ ಗಟ್ಟಿಯಾದುದೆಂದು ಹೆಸರಾಗಿದೆ. ಆದರೂ ಇದರಲ್ಲಿ ಒಂದು ದುರ್ಬಲ ಸ್ಥಾನವುಂಟು. ಹಿಂದಿನ ಪ್ರೊಪೆಲ್ಲರ್ ಶಾಫ್ಟು ಗೇರ್ ಪೆಟ್ಟಿಗೆಯ ನೇರಕ್ಕಿರದೆ ಪಕ್ಕಕ್ಕೆ ಸರಿದಿರುವುದರಿಂದ, ಬಲವು ಯಾವಾಗಲೂ ನಡುವಣ ಹಲ್ಲುಚಕ್ರದ ಮೂಲಕವೇ ಹಾಯಬೇಕು. ಸಮನಾದ ರಸ್ತೆಯಲ್ಲಿಯೂ ಅದಕ್ಕೆ ವಿಶ್ರಾಂತಿಯಿಲ್ಲ. ಆ ಚಕ್ರವನ್ನು ಹೊತ್ತ ಶಾಫ್ಟು ಮೊದಲು ೩/೪ ಅಂಗುಲ ದಪ್ಪವಿದ್ದು, ಬಳಿಕ ೧ ೧/೮ ಅಂಗುಲಕ್ಕೂ ಕೊನೆಗೆ ೧ ೧/೪ ಅಂಗುಲಕ್ಕೂ ಏರಿತು. ಕೊಳ್ಳುವ ಕೇಸಿನಲ್ಲಿ ಯಾವ ದಪ್ಪದ ಶಾಫ್ಟು ಇದೆಯೆಂದು ಮೇಸ್ತ್ರಿಯಿಂದ ತಿಳಿದುಕೊಳ್ಳುವುದು ಒಳ್ಳೆಯದು.

ಪರೀಕ್ಷೆಯನ್ನು ಈ ಕೆಳಗಿನಂತೆ ನಡೆಸತಕ್ಕದ್ದು.

೧. ಎಣ್ಣೆ: ಕೆಳಗಣ ತಿರುಪನ್ನು ಬಿಚ್ಚಿ ಸ್ವಲ್ಪ ಎಣ್ಣೆಯನ್ನು ಬಿಳಿಯ ಬಟ್ಟೆಯ ಮೇಲೆ ಹಿಡಿಯಬೇಕು. ಬೆರಳಿಗೆ ಅಂಟುವ ನುಣ್ಣನೆಯ ಬೂದುಬಣ್ಣದ ಪುಡಿಯು ಸಹಜ ಸವೆತ. ಉಕ್ಕಿನ ಚೂರುಗಳಿದ್ದರೆ ಹಲ್ಲು ಅಥವಾ ಬೇರಿಂಗು ಕೆಟ್ಟಿರುವುದು. ಹಳದಿ ಲೋಹದ ಕಣಗಳಿದ್ದರೆ ಕಂಚಿನ ವಾಷರುಗಳು ಸವೆದಿರುವುವು. ಎಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ಹೊಳೆ ದಾಟುವಾಗ ನೀರು ಸೇರಿದೆಯೆಂದು ತಿಳಿಯಬೇಕು.

೨. ಅಲುಗಾಟ: ಸಮನೆಲದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಇಂಜಿನು ನಿಲ್ಲಿಸಿ, ಪ್ರೊಪೆಲ್ಲರ್ ಶಾಫ್ಟು ಕೇಸಿಗೆ ಸೇರುವೆಡೆಯನ್ನು ಕೈಯಿಂದ ಹಿಡಿದು ನೋಡಬೇಕು. ತಿರುಗಿಸಿದಾಗ ಸ್ವಲ್ಪ ಸಡಿಲವಿರುವುದು ಸಹಜ. ಮೇಲಕ್ಕೂ ಕೆಳಕ್ಕೂ ಅಲುಗಿದರೆ ಬೇರಿಂಗು ಸವೆದಿದೆ.

೩. ಓಟ: ಭಾರ ಹೇರಿ ಏರು ಹತ್ತಿಸಿ, ಇಳಿಯುವಾಗ ಎಕ್ಸಲರೇಟರಿನಿಂದ ಕಾಲು ತೆಗೆಯಬೇಕು. ಸನ್ನೆಯು ತಾನಾಗಿ ಹಾರಿದರೆ ಇಂಜಿನಿನ ತಡೆ ತಪ್ಪಿ ಜೀಪು ಓಡುವ ಭಯವುಂಟು. ಅಂತಹುದನ್ನು ದುರಸ್ತಿಯಿಲ್ಲದೆ ಕೊಳ್ಳಕೂಡದು. ಈ ಮಾದರಿಯು ಸದಾ ಗುಂಯ್‌ಗುಡುವುದು ದೋಷವಲ್ಲ. ಕಟಕಟ ಶಬ್ದವೂ ಒರಟಾದ ಅರೆತದ ಶಬ್ದವೂ ದೋಷಗಳೇ.

೪. ಸೋರಿಕೆ: ಈ ಜೀಪುಗಳಲ್ಲಿ ಕೈಬ್ರೇಕಿನ ಡ್ರಮ್ಮು ಚಕ್ರದಲ್ಲಿರದೆ ಕೇಸಿನ ಹಿಂಬದಿಯಲ್ಲಿಯೇ ಇರುವುದು. ಅಲ್ಲಿಯ ಸೀಲು ಸವೆದರೆ ಬ್ರೇಕಿನ ಪಟ್ಟಿಯು ಎಣ್ಣೆಯಲ್ಲಿ ನೆನೆದು ಹಿಡಿತ ತಪ್ಪುವುದು. ಇಳಿಜಾರಿನಲ್ಲಿ ನಿಲ್ಲಿಸಿದ ಜೀಪಿನ ಹಿಂದೆ ನಿಂತು ಕೂಲಿಯವರು ಮೂಟೆ ಇಳಿಸುತ್ತಿರುವಾಗ ಇದರಿಂದ ಪ್ರಾಣಹಾನಿಯೇ ಆಗಬಹುದು. ಆದುದರಿಂದ ಇಲ್ಲಿಯ ಸೋರಿಕೆಯನ್ನು ಅಲ್ಪವೆಂದು ಭಾವಿಸಬಾರದು.

೫. ಟಯರುಗಳು: ನಾಲ್ಕೂ ಒಂದೇ ಅಳತೆಯವಾಗಿರಬೇಕು. ಅಳತೆ ಬೇರೆಯಾದ ಟಯರುಗಳೊಡನೆ, ಇಲ್ಲವೆ ಒಣಗಿದ ಗಟ್ಟಿ ರಸ್ತೆಯಲ್ಲಿ ಮುಂದಿನ ಚಕ್ರಗಳಿಗೆ ಬಲ ಕೊಟ್ಟು ಓಡಿಸಿದ ಜೀಪಿನ ಹಲ್ಲುಚಕ್ರಗಳು ಬಿಗಿತಕ್ಕೆ ಸಿಕ್ಕಿ ಬೇಗನೆ ಸವೆಯುವುವು.

ಸೀಲು, ಬೇರಿಂಗು, ನಡುವಣ ಶಾಫ್ಟು ಇವುಗಳನ್ನು ಬದಲಾಯಿಸಬಹುದು. ಅದರ ವೆಚ್ಚವನ್ನು ಬೆಲೆಯಲ್ಲಿ ಕಳೆದು ಕೊಳ್ಳುವುದು ನ್ಯಾಯ. ಕವಚ ಸೀಳಿದ್ದರೆ ಅಥವಾ ಹಲ್ಲುಗಳು ಮುರಿದಿದ್ದರೆ, ಬೆಲೆ ಎಷ್ಟೇ ಕಡಿಮೆಯಾಗಿದ್ದರೂ ಬಿಡುವುದೇ ಲೇಸು. ಕೊಂಡ ಮೇಲೆ ಎಣ್ಣೆಯ ಮಟ್ಟವನ್ನು ತಿಂಗಳಿಗೊಮ್ಮೆಯೂ, ಆಳವಾದ ನೀರು ದಾಟಿದಾಗಲೆಲ್ಲಾ ಮರುದಿನವೂ ತಪ್ಪದೆ ನೋಡತಕ್ಕದ್ದು. ಗ್ರಾಮದ ಮುಖಂಡರು ಜೀಪು ಕೊಳ್ಳಲಿರುವ ತಮ್ಮ ನೆರೆಹೊರೆಯ ರೈತರಿಗೂ ಈ ವಿಷಯಗಳನ್ನು ತಿಳಿಯಪಡಿಸುವರೆಂದು ನಂಬಲಾಗಿದೆ.