ನೀರಿನ ದಾರಿಯೂ ನಗರದ ನಕ್ಷೆಯೂ

ಸಂಸ್ಕೃತದಲ್ಲಿ ನೀರಿಗೆ ‘ಜೀವನ’ವೆಂಬ ಹೆಸರುಂಟು. ಆ ಜೀವನವೇ ಅರ್ಧರಾತ್ರಿಯಲ್ಲಿ ಹೊಸ್ತಿಲನ್ನು ದಾಟಿ ಒಳಕ್ಕೆ ಬಂದರೆ ಗೃಹಸ್ಥನ ಪಾಡೇನಾಗುವುದೆಂಬುದನ್ನು ಬೆಂಗಳೂರಿನವರು 2022ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಕಣ್ಣಾರೆ ಕಂಡರು. ಆ ತಿಂಗಳ 4ನೆಯ ತಾರೀಖಿನ ರಾತ್ರಿ ನಗರದಲ್ಲಿ 131.6 ಮಿಲಿಮೀಟರು ಮಳೆ ಬಿದ್ದಿತು. ಬೆಳ್ಳಂದೂರಿನ ಸುತ್ತಮುತ್ತಣ ಬೀದಿಗಳು ಹೊಳೆಗಳಾದುವು. ಜನರನ್ನು ಟ್ರ್ಯಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಸಾಗಿಸಬೇಕಾಯಿತು. ಇದು ಕಂಡರಿಯದ ಮಳೆಯೆನ್ನುವಂತಿಲ್ಲ. 1988ನೆಯ ಸೆಪ್ಟೆಂಬರ್ 12ರಂದು ಇದೇ ನಗರದಲ್ಲಿ 177.6 ಮಿಲಿಮೀಟರು ಸುರಿದಿತ್ತು. ಆದುದರಿಂದ ದೋಷವೆಲ್ಲವನ್ನೂ ಆಕಾಶದ ಮೇಲೆ ಹೊರಿಸುವುದು ನ್ಯಾಯವಲ್ಲ, ನೆಲವನ್ನೂ ನೋಡಬೇಕು.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿ, ದಿಣ್ಣೆಯ ಮೇಲೆ ನೆಲಸಿರುವ ಊರು. ಬಿದ್ದ ಮಳೆಯು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಮುಖ್ಯ ಕಣಿವೆಗಳಲ್ಲಿ ಇಳಿಯುವುದು. ಮೊದಲಿನ ಎರಡು ದಕ್ಷಿಣಪಿನಾಕಿನಿಯ ಕಡೆಗೆ, ಮೂರನೆಯದು ಅರ್ಕಾವತಿಯ ಮೂಲಕ ಕಾವೇರಿಗೆ. ಪೂರ್ವಿಕರು ಈ ಇಳಿಜಾರುಗಳಲ್ಲಿ ಕೆರೆಗಳನ್ನು ಸರಪಣಿಯಂತೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ, ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರುತ್ತಿತ್ತು. ಕಾಲಕ್ರಮದಲ್ಲಿ ಧರ್ಮಾಂಬುಧಿ ಕೆರೆಯ ಸ್ಥಳದಲ್ಲಿ ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆಯ ಸ್ಥಳದಲ್ಲಿ ಕಂಠೀರವ ಕ್ರೀಡಾಂಗಣವಾಯಿತು. ಹೆಸರು ಬದಲಾದರೂ ಇಳಿಜಾರು ಬದಲಾಗಲಿಲ್ಲ.

ಪ್ರವಾಹಭಯದ ನಕ್ಷೆಯೆಂಬುದು ಈ ಇಳಿಜಾರಿನ ಲೆಕ್ಕ. ವಿಮಾನದಿಂದ ಬೆಳಕಿನ ಕಿರಣಗಳನ್ನು ಬಿಟ್ಟು ನೆಲದ ಉಬ್ಬುತಗ್ಗುಗಳನ್ನು ಅಳೆಯುತ್ತಾರೆ; ಮಳೆಮಾಪಕಗಳ ಅನೇಕ ವರ್ಷಗಳ ದಾಖಲೆಯನ್ನು ಕೂಡಿಸುತ್ತಾರೆ; ಕಾಲುವೆಗಳ ಅಗಲ, ಆಳ, ಮೋರಿಗಳ ಬಾಯಿ ಇವನ್ನು ಗುರುತಿಸಿ, ಇಂತಿಷ್ಟು ಮಳೆಯಾದರೆ ಇಂತಹ ಬೀದಿಯಲ್ಲಿ ಇಷ್ಟು ನೀರು ನಿಲ್ಲುವುದೆಂದು ಗಣಕಯಂತ್ರದಿಂದ ಗಣಿಸುತ್ತಾರೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ, ಮಳೆ ನೆರೆಗಳ ಮುನ್ಸೂಚನೆಯನ್ನು ಮೊಬೈಲಿನಲ್ಲಿ ಕೊಡುವ ಏರ್ಪಾಡೊಂದನ್ನು 2020ರಲ್ಲಿ ಹೊರತಂದುವು. ಅದಕ್ಕೆ ‘ಮೇಘಸಂದೇಶ’ವೆಂದು ಹೆಸರಿಟ್ಟುದು ಕಾಳಿದಾಸನನ್ನು ಓದಿದವರಿಗೆ ಸಂತೋಷದ ವಿಷಯ.

ಆದರೆ ನಕ್ಷೆಯನ್ನು ಒಮ್ಮೆ ಬರೆದು ಬೀರುವಿನಲ್ಲಿ ಇಟ್ಟರೆ ಸಾಲದು. ಹೋದ ವರ್ಷದ ಪಂಚಾಂಗವನ್ನು ನೋಡಿ ಈ ವರ್ಷದ ಹಬ್ಬ ಮಾಡುವವರುಂಟೆ? ಮೂವತ್ತು–ನಲವತ್ತು ಅಡಿಯ ಒಂದು ನಿವೇಶನದ ಮೇಲೆ ಆ ರಾತ್ರಿಯಷ್ಟು ಮಳೆ ಬಿದ್ದರೆ ಸುಮಾರು 14,700 ಲೀಟರು ನೀರಾಗುವುದು. ಅಂಗಳದಲ್ಲಿ ಮಣ್ಣಿದ್ದ ಕಾಲದಲ್ಲಿ ಅದರಲ್ಲೊಂದು ಪಾಲನ್ನು ಭೂಮಿ ಕುಡಿಯುತ್ತಿತ್ತು. ಈಗ ತಾರಸಿಯೂ ಸಿಮೆಂಟಿನ ನೆಲವೂ ಅದನ್ನು ಹೆಚ್ಚುಕಡಮೆ ಪೂರ್ತಿಯಾಗಿ ಬೀದಿಗೆ ಒಪ್ಪಿಸುತ್ತವೆ. ಎತ್ತರದಲ್ಲಿ ನೂರು ಮನೆಗಳು ಎದ್ದರೆ ತಗ್ಗಿನ ಬೀದಿಯ ಹಳೆಯ ನಕ್ಷೆ ಸುಳ್ಳಾಗುವುದು. ಕಾಲುವೆಯನ್ನು ಅಗಲ ಮಾಡಿದರೂ ಹಾಗೆಯೇ. ಇಲ್ಲಿ ಭಯ ತಗ್ಗಿ, ನೀರು ಬೇಗನೆ ತಲಪುವ ಕೆಳಗಿನ ಬಡಾವಣೆಯಲ್ಲಿ ಹೆಚ್ಚಬಹುದು.

ನನ್ನಲ್ಲಿ ಓದಿದ ಹುಡುಗನೊಬ್ಬನು, ಈಗ ಎರಡು ಮಕ್ಕಳ ತಂದೆ, ಮೂವತ್ತು ವರ್ಷದ ಸಾಲ ಮಾಡಿ ಅಂತಹ ತಗ್ಗಿನಲ್ಲಿ ಮನೆ ಕೊಂಡಿದ್ದಾನೆ. “ಮೇಷ್ಟ್ರೇ, ಹೊಸ ನಕ್ಷೆಯಲ್ಲಿ ನಮ್ಮ ಬೀದಿಗೆ ನೀಲಿ ಬಣ್ಣ ಬಳಿದುಬಿಟ್ಟರೆ ಮನೆಗೆ ಬೆಲೆಯೇ ಇರುವುದಿಲ್ಲ. ಅದು ಬಾರದಿದ್ದರೇ ಒಳ್ಳೆಯದು” ಎಂದನು. ಅವನ ಸಂಕಟ ಸುಳ್ಳಲ್ಲ. ನಾನು ಅವನಿಗೆ ಲೆಕ್ಕ ಹೇಳಿದೆನು. ‘ನೂರು ವರ್ಷಕ್ಕೊಮ್ಮೆ ಬರುವ ಮಳೆ’ಯೆಂದರೆ ಒಮ್ಮೆ ಬಂದು ಹೋದ ಮೇಲೆ ನೂರು ವರ್ಷ ನಿಶ್ಚಿಂತೆಯೆಂದಲ್ಲ, ಪ್ರತಿವರ್ಷವೂ ನೂರಕ್ಕೆ ಒಂದರಷ್ಟು ಸಂಭವವೆಂದು ಅರ್ಥ. ಮೂವತ್ತು ವರ್ಷಗಳಲ್ಲಿ ಅದು ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 26. “ನಿನ್ನ ಸಾಲ ತೀರುವುದರೊಳಗೆ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚಾಯಿತಪ್ಪಾ” ಎಂದೆನು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ಮಾರಿದವರಿಗೆ ಇದು ಗೊತ್ತಿತ್ತೋ ಏನೋ” ಎಂದನು. “ಈಗ ನಕ್ಷೆ ಬೇಡವೆಂದರೆ, ನಿನ್ನಿಂದ ಕೊಳ್ಳುವವನೂ ನಾಳೆ ಇದೇ ಮಾತನ್ನಾಡುವನು” ಎಂದೆನು. ಮುಂದಿನ ವಾರವೇ ಅವನು ವಿದ್ಯುತ್ತಿನ ಮೀಟರನ್ನು ಎತ್ತರಕ್ಕೆ ಏರಿಸಲು ಏರ್ಪಾಡು ಮಾಡಿಸಿ, ಕಾಗದಪತ್ರಗಳನ್ನು ಅಟ್ಟಕ್ಕೆ ಸೇರಿಸಿದನೆಂದು ತಿಳಿಯಿತು.

ನಕ್ಷೆಯನ್ನು ತಿದ್ದುವವರು ಕರಡನ್ನು ಜನರ ಮುಂದಿಟ್ಟು ಆಕ್ಷೇಪಣೆಗಳನ್ನು ಕೇಳಬೇಕು. ದೊಡ್ಡವರ ಕಟ್ಟಡವನ್ನು ಬಿಟ್ಟು ಬಡವರ ಗುಡಿಸಲನ್ನು ಮಾತ್ರ ಗುರುತಿಸುವ ನಕ್ಷೆಗೆ ಗೌರವವಿಲ್ಲ. ಗೃಹಸ್ಥರ ಕರ್ತವ್ಯವೂ ಉಂಟು. ನಿವೇಶನ ಕೊಳ್ಳುವ ಮೊದಲು ಹಳೆಯ ಗ್ರಾಮನಕ್ಷೆಯಲ್ಲಿ ಕೆರೆ ಹಳ್ಳಗಳ ಗುರುತನ್ನು ನೋಡಬೇಕು. ನೆರೆ ಬಂದಾಗ ನೀರು ಎಲ್ಲಿಯವರೆಗೆ ಏರಿತೆಂದು ಗೋಡೆಯ ಮೇಲೆ ತಾರೀಖಿನೊಡನೆ ಗೆರೆ ಎಳೆದು, ಅದರ ಅಳತೆಯನ್ನು ನಗರಾಡಳಿತದ ಕಚೇರಿಗೆ ತಿಳಿಸಬೇಕು. ಗಣಕಯಂತ್ರದ ಲೆಕ್ಕ ಸರಿಯೋ ತಪ್ಪೋ ಎಂಬುದನ್ನು ಪರೀಕ್ಷಿಸಲು ಅಂತಹ ಗೆರೆಯೇ ಸಾಕ್ಷಿ. ನೀರು ಇಳಿದ ಕೂಡಲೆ ಸುಣ್ಣ ಬಳಿದು ಆ ಸಾಕ್ಷಿಯನ್ನು ಅಳಿಸದಿರೋಣ.