ಹಬ್ಬದ ಮೆರವಣಿಗೆಯಲ್ಲಿ ವಾಕಿಟಾಕಿ



ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ತೇರು ಹೊರಡುವಾಗ ಹೆಬ್ಬಾಳ, ಯಲಹಂಕದಂಥ ಕಡೆ ಜನರ ನಡುವೆಯೇ ವಾಹನಗಳೂ ಇರುತ್ತವೆ. ಮಗು ತಪ್ಪಿಸಿಕೊಂಡರೆ, ಹಿರಿಯರೊಬ್ಬರು ಕುಸಿದು ಬಿದ್ದರೆ, ಬ್ಯಾಂಡಿನ ಸದ್ದಿನಲ್ಲಿ ಒಬ್ಬೊಬ್ಬರಿಗೇ ಫೋನ್ ಮಾಡುತ್ತಾ ಕೂರಲಾಗದು. ವಾಕಿಟಾಕಿಯಲ್ಲಿ ನುಡಿದದ್ದು ಎಲ್ಲ ಸ್ವಯಂಸೇವಕರಿಗೂ ಒಮ್ಮೆಗೇ ಮುಟ್ಟುತ್ತದೆ.

ಆದರೆ ಇದರಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತನಾಡಬೇಕು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಮಾತು ಕೆಡುತ್ತದೆ. ಆದ್ದರಿಂದ ಮೊದಲು ಆಲಿಸಿ. ಗುಂಡಿ ಒತ್ತಿ, ಕ್ಷಣಕಾಲ ತಡೆದು, ಬಾಯಿಂದ ಮೂರು ಬೆರಳು ದೂರ ಹಿಡಿದು ಮಾತನಾಡಿ. ಯಾರಿಗೆ, ಯಾರಿಂದ, ಎಲ್ಲಿ, ಏನಾಗಿದೆ ಎಂದಷ್ಟೇ ಹೇಳಿ, ‘ಓವರ್’ ಎಂದು ಗುಂಡಿ ಬಿಡಿ. ಬಿಡದಿದ್ದರೆ ಉತ್ತರ ಕೇಳಿಸದು. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಲಿ. ಅದೇ ಚಾನೆಲಿನಲ್ಲಿರುವ ಹೊರಗಿನವರಿಗೂ ಕೇಳಿಸಬಹುದು. ಮನೆಯ ಗುಟ್ಟು, ರೋಗಿಯ ಹೆಸರು ಬೇಡ.

ಡಬ್ಬಿಯ ಮೇಲೆ ಹಲವು ಕಿಲೋಮೀಟರ್ ಎಂದು ಬರೆದಿದ್ದರೂ ಕಾಂಕ್ರೀಟ್ ಕಟ್ಟಡಗಳ ನಡುವೆ ಅಷ್ಟು ದೂರ ಮುಟ್ಟದು. ಹಿಂದಿನ ದಿನವೇ ದಾರಿಯುದ್ದಕ್ಕೂ ಪರೀಕ್ಷಿಸಿ, ಬ್ಯಾಟರಿ ಚಾರ್ಜ್ ಮಾಡಿ. ಆಂಟೆನಾ ಹಿಡಿದು ಎತ್ತಬೇಡಿ. ಆಂಟೆನಾ ಇಲ್ಲದೆ ಗುಂಡಿ ಒತ್ತಿದರೆ ಸೆಟ್ಟೇ ಕೆಡಬಹುದು.

ಕೊಳ್ಳುವಾಗಲೂ ಎಚ್ಚರವಿರಲಿ. 2018ರ ಕೇಂದ್ರ ನಿಯಮದಂತೆ 446.0ರಿಂದ 446.2 ಮೆಗಾಹರ್ಟ್ಸ್‌ನ, ಸರ್ಕಾರದ ಅನುಮೋದನೆ ಇರುವ ಕಡಿಮೆ ಶಕ್ತಿಯ ವಾಕಿಟಾಕಿಗೆ ಪರವಾನಗಿ ಬೇಡ. ಬೇರೆ ತರಂಗಾಂತರದ ಸೆಟ್ಟುಗಳನ್ನು ಪರವಾನಗಿ ವಿಚಾರಿಸದೆ ತರಬೇಡಿ. ಯಲಹಂಕದ ವಾಯುನೆಲೆ, ಜಕ್ಕೂರಿನ ವಿಮಾನಾಂಗಣ ನಮ್ಮ ನೆರೆಯಲ್ಲೇ ಇವೆ. ಅಗ್ಗವೆಂದು ತಂದ ಸೆಟ್ಟು ಅವರ ಅಥವಾ ಪೊಲೀಸರ ಮಾತಿಗೆ ಅಡ್ಡಿಯಾದರೆ ಅದು ಅಪರಾಧ; ಅಪಾಯವೂ ಹೌದು.

ಜೀವಕ್ಕೆ ಕುತ್ತು ಬಂದಾಗ ವಾಕಿಟಾಕಿಯೊಂದನ್ನೇ ನಂಬದೆ 112ಕ್ಕೆ ಕರೆ ಮಾಡಿ. ಹೊರಟವರೆಲ್ಲರೂ ಕ್ಷೇಮವಾಗಿ ಮನೆ ಸೇರಿದರೇ ಹಬ್ಬ ಪೂರ್ಣ.